ಹದಿಮೂರನೇ ಗ್ರಹ

ಆರು ಕವಡೆಯೂ ಬೋರಲು ಬಿದ್ದವು.

"ನಾಲ್ಕು," ಎಂದ ಷಡಕ್ಷರಿ.

ಕವಡೆ ಎಸೆದು ಚಾಪೆಯ ಆಚೆ ತುದಿಯಲ್ಲಿ ಕೂತಿದ್ದ ಶಿವರಾಮು ತಲೆ ಎತ್ತಿದ. ಕಪ್ಪು ಕನ್ನಡಕದ ಹಿಂದಿನ ಅವನ ಕಣ್ಣು ಎರಡು ವರ್ಷದಿಂದ ಏನನ್ನೂ ಕಂಡಿರಲಿಲ್ಲ. "ನಾಲ್ಕಾ? ಸರಿ. ಓಡ್ಸೋನು ನೀನಲ್ವಾ, ಓಡ್ಸು."

ಷಡಕ್ಷರಿ ಹಡಗನ್ನು ಮುಂದೆ ಓಡಿಸಿದ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅವನೇ ಕಟ್ಟಿದ ಆಕಾಶ ಅದು. 'ಗಂಡಭೇರುಂಡ' ಎಂಬ ಹಡಗು, ಅದಕ್ಕೆ ಕ್ಯಾಪ್ಟನ್ ಶಿವರಾಮು. ಮಳೆ ನೆಲದಿಂದ ಮೇಲಕ್ಕೆ ಸುರಿಯುವ ಗ್ರಹ, ನೆರಳು ಮಾರುವ ಸಂತೆ, ಹೀಗೆ ಹನ್ನೆರಡು ಲೋಕ. ಕಾಲೇಜಿನ ಸೀನಿಯರ್ ಒಬ್ಬ ತಂದ ಆಟದ ಪುಸ್ತಕದ ಜೆರಾಕ್ಸ್‌ನಿಂದ ಶುರುವಾದ ಹುಚ್ಚು. ಒಬ್ಬ ಕತೆ ನಡೆಸಬೇಕು. ಉಳಿದವರು ಅದರೊಳಗೆ ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳಬೇಕು. ಅದು ಆಗುತ್ತದೋ ಇಲ್ಲವೋ ದಾಳ ತೀರ್ಮಾನಿಸಬೇಕು.

ಪುಸ್ತಕದಲ್ಲಿದ್ದ ಇಪ್ಪತ್ತು ಮುಖದ ದಾಳ ಮೈಸೂರೆಲ್ಲ ಜಾಲಾಡಿದರೂ ಸಿಗಲಿಲ್ಲ. ಶಿವರಾಮುವಿನ ಅವ್ವ ತಿಮ್ಮಮ್ಮ ತನ್ನ ಚೌಕಾಬಾರದ ಕವಡೆ ಕೊಟ್ಟಳು. ಜೊತೆಗೆ ಮನೆಯ ಕಟ್ಟಳೆಯನ್ನೂ ಕೊಟ್ಟಳು: ಎಸೆದವನೇ ಎತ್ತಬೇಕು, ಬೇರೆಯವರು ಮುಟ್ಟಿದರೆ ಕವಡೆ ಮುನಿಯುತ್ತದೆ. ಬಾಯಿ ಮೇಲಾಗಿ ಬಿದ್ದವನ್ನು ಎಣಿಸುವುದು, ಹೆಚ್ಚಿದ್ದಷ್ಟೂ ಅದೃಷ್ಟ.

ಹದಿಮೂರನೇ ಗ್ರಹ ಸೇರಿದ್ದು ಆಮೇಲೆ.

೧೯೯೯ರ ಆಷಾಢದಲ್ಲಿ, ಚಾಮುಂಡಿ ಬೆಟ್ಟ ಇಳಿಯುವಾಗ ಸ್ಕೂಟರ್ ತಿರುವಿನ ಕಟ್ಟೆಗೆ ಬಡಿಯಿತು. ಹ್ಯಾಂಡಲ್ ಹಿಡಿದಿದ್ದವನು ಷಡಕ್ಷರಿ, ಹಿಂದೆ ಕೂತಿದ್ದವನು ಶಿವರಾಮು. ಲೈಸೆನ್ಸ್ ಇರಲಿಲ್ಲ, ಸ್ಕೂಟರ್ ತಂದದ್ದನ್ನು ಅಪ್ಪನಿಗೆ ಹೇಳಿರಲೂ ಇಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಪ್ಪ ಸಿದ್ದಲಿಂಗಸ್ವಾಮಿ "ಯಾರೋ ಓಡಿಸಿದ್ದು?" ಎಂದು ಗದರಿದಾಗ ಬಾಯಿಗೆ ಬಂದದ್ದು ಒಂದೇ ಮಾತು: "ಶಿವರಾಮು."

ಶಿವರಾಮುಗೆ ಆಗಿನ್ನೂ ಎಚ್ಚರ ಬಂದಿರಲಿಲ್ಲ. ಬಂದಾಗ ಕಣ್ಣು ಹೋಗಿತ್ತು. "ನಂಗೇನೂ ಗ್ಯಾಪ್ಕ ಇಲ್ಲ ಕಣೋ," ಎಂದ. ಷಡಕ್ಷರಿಗೆ ಹೋದ ಜೀವ ಬಂತು. ಹಾಗೆ ಬಂದದ್ದಕ್ಕೆ ಇವತ್ತಿಗೂ ಅವನಿಗೆ ತನ್ನ ಮೇಲೆ ಅಸಹ್ಯ.

ಅದಕ್ಕಿಂತ ಕೆಟ್ಟದ್ದು ವಾರ ಕಳೆದು ನಡೆಯಿತು. ತಿಮ್ಮಮ್ಮ ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಅಗ್ರಹಾರದಲ್ಲಿನ ಷಡಕ್ಷರಿಯ ಮನೆ ಬಾಗಿಲಿಗೆ ಬಂದಳು. ಸ್ಕೂಟರ್ ಮುರಿದದ್ದಕ್ಕೆ, ಮಗನ ಪರವಾಗಿ, ಸಿದ್ದಲಿಂಗಸ್ವಾಮಿಯವರ ಕ್ಷಮೆ ಕೇಳಿದಳು. ಷಡಕ್ಷರಿ ನಡುಮನೆಯ ಕದದ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ. ಹೊರಗೆ ಬರಲಿಲ್ಲ.

ಮಾರನೆಯ ದಿನ ಹದಿಮೂರನೇ ಗ್ರಹವನ್ನು ಬರೆದ. ಅಲ್ಲಿ ಇಳಿದವರ ಬಾಯಲ್ಲಿ ಸುಳ್ಳು ಹೊರಡದು. ಬಚ್ಚಿಟ್ಟದ್ದನ್ನು ಹೇಳುವ ತನಕ ಹಡಗು ಮೇಲೇಳದು. ಆರೂ ಬೋರಲು ಬಿದ್ದರೆ ನೇರ ಅಲ್ಲಿಗೇ.

"ಕತೆ ಹೇಳೋನಿಗೂ ಇದೇ ರೂಲಾ?" ಎಂದು ಶಿವರಾಮು ಕೇಳಿದ್ದ.

"ಅವನಿಗೇ ಮೊದಲು," ಎಂದಿದ್ದ ಷಡಕ್ಷರಿ. ತಾನಾಗಿ ಹೇಳುವ ಧೈರ್ಯವಿಲ್ಲ, ಕವಡೆಯಾದರೂ ಹೇಳಿಸಲಿ ಎಂಬ ಆಸೆ.

ಕವಡೆ ತನ್ನ ಕೆಲಸ ಮಾಡಿತು. ಇವನು ಮಾಡಲಿಲ್ಲ. ಜೊತೆಗೆ ಆಡುತ್ತಿದ್ದ ಇನ್ನಿಬ್ಬರು ಗೆಳೆಯರು ಆಟ ಬಿಟ್ಟ ಮೇಲೂ ಪ್ರತಿ ಭಾನುವಾರ ಮಧ್ಯಾಹ್ನ ನಜರ್‌ಬಾದಿನ ಈ ಮನೆಗೆ ತಪ್ಪದೆ ಬಂದ. ಆರೂ ಬೋರಲು ಬಿದ್ದಾಗಲೆಲ್ಲ ಒಮ್ಮೆ ಮೂರು ಎಂದ, ಒಮ್ಮೆ ನಾಲ್ಕು ಎಂದ. ಕಾಣದವನಿಗೆ ಸುಳ್ಳು ಹೇಳುವುದು ಎಷ್ಟೊಂದು ಸುಲಭ ಎನ್ನುವುದೇ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ತಿಮ್ಮಮ್ಮ ಕಾಫಿ, ಒಗ್ಗರಣೆ ಪುರಿ ತಂದಿಟ್ಟಳು. ಕವಡೆ ಇನ್ನೂ ಚಾಪೆಯ ಮೇಲೆ ಹಾಗೇ ಬಿದ್ದಿದ್ದವು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಷಡಕ್ಷರಿ ನೋಟ್‌ಬುಕ್ಕನ್ನು ಮೆಲ್ಲಗೆ ಅಡ್ಡ ಸರಿಸಿದ.

"ನೀನೊಬ್ಬ ಬತ್ತೀಯಲ್ಲ ಮಗಾ, ನಿನ್ ಹೊಟ್ಟೆ ತಣ್ಣಗಿರ್ಲಿ," ಎಂದಳು ತಿಮ್ಮಮ್ಮ. "ಓಡ್ಸಿದ್ದೂ ಇವ್ನೇ, ಬೀಳ್ಸಿದ್ದೂ ಇವ್ನೇ. ಆದ್ರೂವೆ ನೀನು ಕೈ ಬುಡ್ನಿಲ್ಲ."

"ಸುಮ್ಕಿರವ್ವಾ," ಎಂದ ಶಿವರಾಮು.

"ಯಾಕ್ ಸುಮ್ಕಿರ್ಲಿ? ಇರೋದ್ನೇ ಯೋಳ್ದೆ. ಇವ್ನು ಚುಕ್ಕಿ ಅಕ್ಸರದ ಪರೀಕ್ಸೆ ಪಾಸಾದ ಕಣಪ್ಪಾ. ಬೆಳಗ್ಗೆಯಿಂದ ಸಂಜೆಗಂಟ ಆ ಪುಸ್ತಕ ಸವರ್ಕಂಡು ಕೂತಿರ್ತಾನೆ." ಅವಳು ಒಳಗೆ ಹೊರಟಳು.

"ಇವತ್ತು ಇಲ್ಲೇ ಕೂತ್ಕಳವ್ವಾ. ಕತೆ ಕೇಳ್ವಂತೆ."

ಆಟದ ಹತ್ತಿರ ಎಂದೂ ಕೂರದವಳು ಮಗನ ಮಾತಿಗೆ ನಗುತ್ತಾ ಹೊಸ್ತಿಲ ಬಳಿ ಕೂತಳು. ಮೊರದಲ್ಲಿದ್ದ ಅವರೆಕಾಯಿ ಸುಲಿಯತೊಡಗಿದಳು.

ಷಡಕ್ಷರಿ ಹಿಡಿ ಪುರಿ ಬಾಯಿಗೆ ಹಾಕಿಕೊಂಡ. ಈಗಲೇ ಹೇಳಿಬಿಡಬಹುದು. ಇಬ್ಬರೂ ಎದುರಿಗಿದ್ದಾರೆ. ಎರಡೇ ಮಾತು.

"ಶಿವರಾಮು..."

"ಯೋಳೋ."

ಮೊರದಲ್ಲಿ ಕಾಳು ಟಪಟಪ ಬೀಳುತ್ತಿತ್ತು. ಷಡಕ್ಷರಿ ಅವಳ ಕೈ ನೋಡಿದ. ತೆಂಗಿನಕಾಯಿ ಹಿಡಿದು ತನ್ನ ಮನೆಗೆ ಬಂದಿದ್ದ ಕೈ.

"ಏನಿಲ್ಲ. ಕವಡೆ ಎತ್ಕೋ. ಮುಂದಿನ ಗ್ರಹ ಬಂತು."

ಶಿವರಾಮು ಕೈ ಚಾಚಿದ. ಎಂದಿನಂತೆ ನಿಧಾನವಾಗಿ, ಒಂದೊಂದನ್ನೂ ಮುಟ್ಟಿ, ಒಂದೊಂದಾಗಿ ಎತ್ತಿದ. ಪಾಪ, ತಡಕಾಡುತ್ತಾನೆ ಎಂದು ಷಡಕ್ಷರಿ ಎಂದಿನಂತೆ ಮರುಗಿದ. ಐದು ಕವಡೆ ಅಂಗೈ ಸೇರಿದವು. ಆರನೆಯದನ್ನು ಮಾತ್ರ ಅವನು ಎತ್ತಲಿಲ್ಲ. ಅದರ ಉಬ್ಬಿದ ಬೆನ್ನಿನ ಮೇಲೆ ಬೆರಳಿಟ್ಟು ಹಾಗೇ ಕೂತ.

"ಆರೂ ಬೋರಲು ಬಿದ್ದಿರೋದು ಇದು ಏಳನೇ ಸಲ ಕಣೋ," ಎಂದ ಶಿವರಾಮು. "ಇವತ್ತು ಅವ್ವನೂ ಇಲ್ಲೇ ಕೂತವ್ಳೆ, ಹಡಗು ಇಳ್ಸು."