ನೇರಳೆ ಬಣ್ಣದ ನಾಲಿಗೆ

ನೇರಳೆ ಹಣ್ಣು ಔಷಧಿ ಕಂಪನಿಯೊಂದರ ಸ್ವತ್ತಾಗಿ, ಬೇರೆಯವರು ತಿನ್ನುವುದು ಅಪರಾಧವಾದ ಮೇಲೆ ಪೇಟೆಯ ಗೇಟಿನಲ್ಲಿ ಎಲ್ಲರ ನಾಲಿಗೆ ನೋಡಿಯೇ ಒಳಗೆ ಬಿಡುತ್ತಿದ್ದರು. ಕದ್ದು ತಿಂದವರು ಮೊದಲೇ ನಿಂಬೆರಸದಲ್ಲಿ ಬಾಯಿ ತೊಳೆದುಕೊಳ್ಳುತ್ತಿದ್ದರು.

ಬೆರಳಿನ ಗಂಟುಗಳು ಊದಿಕೊಂಡು ಗಂಗಾಂಬಿಕೆ ಹೂ ಕಟ್ಟುವುದನ್ನೇ ಬಿಟ್ಟಿದ್ದಳು. ಹಿತ್ತಲಿನ ನೇರಳೆ ಮರದ ಹಣ್ಣು ತಿನ್ನತೊಡಗಿದ ಮೇಲೆ ಊತ ಇಳಿದು, ಮತ್ತೆ ಮಾಲೆ ಕಟ್ಟಿ ಮಾರಲು ಹೊರಟಿದ್ದಳು.

ಗೇಟಿನ ಸಾಲಿನಲ್ಲಿ ಸೊಸೆ ಶಿವಲೀಲಾ ನಿಂಬೆರಸದ ಬಾಟಲಿ ಕೊಟ್ಟಳು. "ಅತ್ತೆ, ಬೇಗ ಬಾಯಿ ತೊಳ್ಕೊಳ್ಳಿ."

"ನಮ್ಮ ಮಾವ ನೆಟ್ಟ ಮರ ಅದು. ನಾನ್ಯಾಕೆ ತೊಳ್ಕೊಳ್ಳಲಿ?"

"ಹಿಡ್ಕೊಂಡು ಹೋಗ್ತಾರೆ!"

"ಹೋಗ್ಲಿ."

ಕಾವಲುಗಾರ ಕೇಳುವ ಮೊದಲೇ ಗಂಗಾಂಬಿಕೆ ಕಡುನೇರಳೆ ನಾಲಿಗೆಯನ್ನು ಉದ್ದಕ್ಕೆ ಚಾಚಿದಳು. ಅವನು ಅವಳ ತೋಳು ಹಿಡಿದ.

ಶಿವಲೀಲಾ ಬಾಟಲಿ ಬಿಸಾಡಿದಳು. ಅತ್ತೆಯ ಸೆರಗಿನ ಗಂಟು ಬಿಚ್ಚಿ, ಅಲ್ಲಿದ್ದ ಹಣ್ಣುಗಳನ್ನೆಲ್ಲ ಬಾಯಿಗೆ ತುಂಬಿಕೊಂಡು, ಕಾವಲುಗಾರನ ಎದುರಿಗೇ ಅಗಿಯುತ್ತ ನಿಂತಳು.