ದೋಣಿ ಬರುವ ಮೊದಲು ಹಾಡಿದ್ದು

ಕುಮಟಾ ಪೇಟೆಯಲ್ಲಿ ಒಣ ಸಿಗಡಿಯ ವಾಸನೆ ಬಂದರೆ ಇಂದಿಗೂ ಅಜ್ಜಿಯ ಅಂಗೈ ನನ್ನ ಬಾಯಿಯ ಮೇಲೆ ಬಂದು ಕೂರುತ್ತದೆ.

ಅದು ನಮ್ಮೂರು ಬಾಡದಲ್ಲಿ ಒಂದು ಭಾನುವಾರ. ಪಕ್ಕದ ಮನೆಯ ಟಿವಿಯಲ್ಲಿ ಹಳೆಯ ಸಿನೆಮಾ ನೋಡಿ ಬಂದಿದ್ದೆ. ಗಂಡ ನೀರುಪಾಲಾದ ಮೇಲೆ ಹೆಂಡತಿ ದಡದಲ್ಲಿ ಕೂತು ಹಾಡುವ ಹಾಡು ನಾಲಿಗೆಗೆ ಅಂಟಿಕೊಂಡಿತ್ತು. ಅಂಗಳದಲ್ಲಿ ಸಿಗಡಿ ಹರವುತ್ತಿದ್ದ ಅಜ್ಜಿಯ ಎದುರೇ ಗುನುಗಿದೆ.

ಅವಳ ಒರಟು ಕೈ ನನ್ನ ಬಾಯಿ ಮುಚ್ಚಿತು. “ಅಪ್ಪ ಸಮುದ್ರದಲ್ಲಿದ್ದಾಗ ಅಳೂ ಹಾಡು ಹಾಡೂಕಾಗ!”

ಒಳಗೆ ಅಮ್ಮ ಕಾಯಿ ತುರಿಯುತ್ತಿದ್ದ ಸದ್ದು ನಿಂತಿತು. ಅಷ್ಟರಲ್ಲೇ ಗಾಳಿ ಎದ್ದಿತು. ಹಾಡಿದ ಎರಡು ಸಾಲನ್ನು ವಾಪಸು ನುಂಗುವುದು ಹೇಗೆಂದು ತಿಳಿಯದೆ ಬರೀ ಎಂಜಲು ನುಂಗುತ್ತ ಕೂತೆ. ಮಧ್ಯಾಹ್ನಕ್ಕೆ ಬರಬೇಕಿದ್ದ ದೋಣಿ ನಾಲ್ಕಾದರೂ ಬರಲಿಲ್ಲ. “ಎಂತ ಆತೋ” ಎನ್ನುತ್ತ ಅಮ್ಮ ಬಾಗಿಲಿಗೂ ಒಲೆಗೂ ಓಡಾಡಿದಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊತ್ತು ಇಳಿಯುವಾಗ ಅಪ್ಪ ಬಂದ. ಒದ್ದೆ ಮೈಯಲ್ಲೇ ನನ್ನನ್ನು ಎತ್ತಿಕೊಂಡು, “ಇವತ್ತು ಎಂತ ಸಿನೆಮಾ?” ಎಂದು ಕೇಳಿದ. ಹೆಸರು ಹೇಳಿದೆ. ಅವನಿಗೂ ಅದು ಗೊತ್ತಿತ್ತು. ನಗುತ್ತ ಅದೇ ಹಾಡನ್ನು ಎತ್ತಿದ.

ಎರಡೂ ಕೈಯಿಂದ ಅವನ ಉಪ್ಪು ಬಾಯಿಯನ್ನು ಮುಚ್ಚಿದೆ. ಪಕ್ಕದ ಮನೆಯವರ ದೋಣಿ ಇನ್ನೂ ಬಂದಿರಲಿಲ್ಲ.