ಸಂಕ್ರಾಂತಿಯ ಜಗಳ

ಗಂಡಸರೆಲ್ಲ ದನಗಳ ಮೈ ತೊಳೆಯಲು ಕೆರೆಗೆ ಹೋದ ಹೊತ್ತು ನೋಡಿ ನರಸಿಂಹಮ್ಮ ಷೆಡ್ಡಿನ ಹಿಂದಿನಿಂದ ಜಾರಿಕೊಂಡಳು. ಕೊರಟಗೆರೆಗೆ ಪ್ಲೇಗು ಬಿದ್ದು, ಊರಿಗೆ ಊರೇ ಹೊಲದಲ್ಲಿ ಷೆಡ್ಡು ಹಾಕಿಕೊಂಡು ತಿಂಗಳಾಗಿತ್ತು. ಊರೊಳಗೆ ಯಾರೂ ಕಾಲಿಡಕೂಡದೆಂದು ಸರ್ಕಾರದ ಹುಕುಂ. ಇಟ್ಟವರಿಗೆ ರೋಗಿಗಳ ಷೆಡ್ಡಿನ ಪಕ್ಕದಲ್ಲಿ ಹತ್ತು ದಿನ ವಾಸ. ಆದರೆ ಮಗಳ ಮದುವೆಯಾದ ಮೇಲೆ ಇದು ಮೊದಲ ಸಂಕ್ರಾಂತಿ. ತೊಳೆದು, ಉಜ್ಜಿ, ಒಣಗಿಸಿಟ್ಟ ಎಳ್ಳು ಮನೆಯ ಅಟ್ಟದ ಮೇಲೇ ಉಳಿದುಬಿಟ್ಟಿತ್ತು. ಮೊದಲ ವರ್ಷವೇ ಮಗಳ ಕೈಯಲ್ಲಿ ಎಳ್ಳು ಬೀರಿಸದಿದ್ದರೆ ಬೀಗರು ಸುಮ್ಮನಿರುತ್ತಾರೆಯೇ? ಪ್ಲೇಗು ಕೊಂದರೆ ಒಂದೇ ಸಲ, ಬೀಗರ ಮಾತು ದಿನಾ.

ಬೀದಿ ಬಿಕೋ ಎನ್ನುತ್ತಿತ್ತು. ಅಟ್ಟದಲ್ಲಿ ಇಲಿಯ ಸದ್ದು ಕೂಡ ಇರಲಿಲ್ಲ. ಎಳ್ಳಿನ ಗಡಿಗೆ ತಬ್ಬಿಕೊಂಡು ಕೆಳಗಿಳಿಯುವಾಗ ನಡುಗೋಡೆಯ ಆಚೆ ಏನೋ ದಡಕ್ಕೆಂದಿತು.

"ಯಾರ್ಲಾ ಅದು?"

ಗೋಡೆಯಾಚೆಯಿಂದ ಸಣ್ಣ ದನಿ: "ನಾನು ಕಣಕ್ಕ, ರಂಗಿ."

ಮೈದುನ ಪಾಲಪ್ಪನ ಹೆಂಡತಿ ರಂಗಕ್ಕ. ಅವಳೂ ಕೊಬ್ಬರಿಗೆಂದು ಕದ್ದು ಬಂದಿದ್ದಳು. ಆರು ವರ್ಷದಲ್ಲಿ ವಾರಗಿತ್ತಿಯರ ನಡುವೆ ಆಡಿದ ಮೊದಲ ಮಾತು ಅದು. ಅಣ್ಣತಮ್ಮಂದಿರು ಪಾಲಾದ ದಿನ, ಅತ್ತೆ ಹುಗ್ಗಿ ಮಾಡುತ್ತಿದ್ದ ಹಿತ್ತಾಳೆ ತಪ್ಪಲೆ ನರಸಿಂಹಮ್ಮನ ಪಾಲಿಗೆ ಬಂದಿತ್ತು. ಅಲ್ಲಿಂದ ಮಾತು ಬಿಟ್ಟುಹೋಯಿತು. ಈಗ ಹೊಲದಲ್ಲಿ ಅಕ್ಕಪಕ್ಕದ ಷೆಡ್ಡು, ನಡುವೆ ಒಂದೇ ಒಂದು ಚಾಪೆ. ಆದರೂ ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಮುಖ ತಿರುವುತ್ತಿದ್ದರು.

ಹಿತ್ತಿಲಲ್ಲಿ ಇಬ್ಬರೂ ಎದುರಾದರು. ಅಲ್ಲಿ ಬೋರಲು ಬಿದ್ದಿದ್ದ ತಪ್ಪಲೆಯನ್ನು ಕಂಡು ರಂಗಕ್ಕನಿಗೆ ತಡೆಯಲಾಗಲಿಲ್ಲ.

"ಅತ್ತೆ ತಪ್ಪಲೇನ ಇಂಗಾ ಬಿಸಾಕಾದು?"

"ತಳ ತೂತು ಕಣೇ. ಆ ವರ್ಷದ ಹಬ್ಬದಾಗೇ ಸೋರಿ ಹುಗ್ಗಿಯೆಲ್ಲ ಒಲೆ ಪಾಲಾಯ್ತು."

"ಒಂದ್ ಮಾತು ಹೇಳಬಾರ್ದಾಗಿತ್ತಾ?"

"ಹೆಂಗೆ ಹೇಳ್ಲಿ? ಮಾತು ಬುಟ್ಟಿದ್ವಲ್ಲ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ರಂಗಕ್ಕ ನಕ್ಕಳು, ಆಮೇಲೆ ನರಸಿಂಹಮ್ಮ. ಹೊಟ್ಟೆ ಹಿಡಿದುಕೊಂಡು ನಕ್ಕರು. ಬರಿದಾದ ಬೀದಿಯಲ್ಲಿ ಆ ನಗು ಎಷ್ಟು ದೂರ ಹೋಯಿತೋ, "ಯಾರದು ಒಳಗೆ?" ಎಂದು ಕಾವಲಿನ ದಫೇದಾರ ನಾಗಲಿಂಗಯ್ಯ ಗುಡುಗಿದ. ವಾರಗಿತ್ತಿಯರು ಎಳ್ಳು, ಕೊಬ್ಬರಿ ಕಂಕುಳಲ್ಲಿ ಅವುಚಿಕೊಂಡು, ಕೈ ಕೈ ಹಿಡಿದು, ಬಿದ್ದ ಬೇಲಿ ದಾಟಿ, ತೊಗರಿ ಹೊಲದೊಳಗೆ ಬಿದ್ದು ಓಡಿದರು.

ಮಧ್ಯಾಹ್ನ ದಫೇದಾರ ಷೆಡ್ಡುಗಳ ಹತ್ತಿರ ಬಂದ. "ಇಬ್ಬರು ಹೆಂಗಸರು. ಒಬ್ಬಳು ಕೆಂಪು ಸೀರೆ, ಒಬ್ಬಳು ಹಸಿರು ಸೀರೆ. ಕೈ ಹಿಡಿದುಕೊಂಡು ಓಡಿದರು," ಎನ್ನುತ್ತ ಎಲ್ಲರನ್ನೂ ದಿಟ್ಟಿಸಿದ. ಅವನ ಕಣ್ಣು ಬಂದು ನಿಂತಿದ್ದು ಇವರಿಬ್ಬರ ಮೇಲೇ.

ನರಸಿಂಹಮ್ಮನ ಗಂಡ ಮುದ್ದಣ್ಣ ನಕ್ಕುಬಿಟ್ಟ. "ಇವ್ರಾ ಸ್ವಾಮಿ? ಕೈ ಹಿಡ್ಕಂಡಾ? ಸತ್ರೂ ಒಂದೇ ಹಾದಿಲಿ ಹೋಗಾರಲ್ಲ ಇವ್ರು."

ದಫೇದಾರನ ಹುಬ್ಬು ಇಳಿಯಲಿಲ್ಲ. ಹತ್ತು ದಿನ ರೋಗಿಗಳ ಪಕ್ಕ. ಮಗಳ ಹಬ್ಬ ಮಣ್ಣುಪಾಲು. ನರಸಿಂಹಮ್ಮ ಸೊಂಟಕ್ಕೆ ಸೆರಗು ಬಿಗಿದಳು.

"ಇವಳ ಜೊತೆ ಹೋಗಾಕೆ ನಂಗೇನು ಗತಿಗೆಟ್ಟೈತಾ? ಇವಳ ನೆಳ್ಳು ಬಿದ್ರೆ ಹಾಲು ಒಡೀತದೆ!"

ರಂಗಕ್ಕ ಒಂದು ಗಳಿಗೆ ಬೆಪ್ಪಾದಳು. ಮರುಗಳಿಗೆ ಅರ್ಥವಾಯಿತು. "ನಿನ್ನ ನಾಲಗೆ ತಾಕಿದ್ರೆ ಬೆಲ್ಲಾನೂ ಕಹಿ ಆಗ್ತದೆ, ಹೋಗೇ!"

ಮಾತು ಬಿಡುವ ಮೊದಲೂ ರಂಗಿ ಇಷ್ಟು ಚೆನ್ನಾಗಿ ಎಂದೂ ಬೈದಿರಲಿಲ್ಲವಲ್ಲ ಎಂದು ನರಸಿಂಹಮ್ಮನಿಗೆ ಒಳಗೊಳಗೇ ಮೆಚ್ಚುಗೆಯಾಯಿತು. ಅಷ್ಟರಲ್ಲಿ ರಂಗಕ್ಕ ಕೈ ಚಾಚಿ, "ಅತ್ತೆ ತಪ್ಪಲೆ ನುಂಗಿದೋಳು!" ಎಂದಳು. ಅಷ್ಟೇ. ಉಕ್ಕಿ ಬಂದ ನಗು ತಡೆಯಲು ನರಸಿಂಹಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡು ಕುಸಿದಳು. ಮೈಯೆಲ್ಲ ಅಲುಗುತ್ತಿತ್ತು.

"ಅಯ್ಯೋ, ಹಬ್ಬದ ದಿನ ಅಳಿಸಿಬುಟ್ಲಲ್ಲ!" ಎಂದು ಹೆಂಗಸರೆಲ್ಲ ಸುತ್ತ ಸೇರಿದರು. ದಫೇದಾರ ತಲೆ ಕೊಡವಿ ಮುಂದಿನ ಸಾಲಿಗೆ ಹೋದ.

ಮುದ್ದಣ್ಣನ ಕರುಳು ಚುರುಕ್ಕೆಂದಿತು. ತಮ್ಮನನ್ನು ಕರೆದುಕೊಂಡು ಹೋಗಿ ಷೆಡ್ಡು ಹಂಚಿಕೊಡುವ ಮೇಸ್ತ್ರಿಯ ಕಾಲು ಕಟ್ಟಿದ. ಸಂಜೆಯ ಹೊತ್ತಿಗೆ ಪಾಲಪ್ಪನ ಗಡಿಗೆ, ಕಂಬಳಿ, ಮಕ್ಕಳು, ಎಲ್ಲವೂ ಗಾಡಿಯೇರಿ ಹೊಲದ ಆಚೆ ತುದಿಗೆ ಹೊರಟವು. ರಂಗಕ್ಕ ತಿರುಗಿ ತಿರುಗಿ ನೋಡುತ್ತ ಗಾಡಿಯ ಹಿಂದೆ ನಡೆದಳು.

"ಇನ್ನು ಪ್ಲೇಗು ಮುಗಿಯೋಗಂಟ ಆ ಮುಖ ನಿನ್ ಕಣ್ಣಿಗೆ ಬೀಳಾಕಿಲ್ಲ," ಎಂದ ಮುದ್ದಣ್ಣ.

ನರಸಿಂಹಮ್ಮನಿಗೆ ಈಗ ನಿಜವಾಗಿಯೂ ಅಳು ಬಂತು.

"ಸಂತೋಷಕ್ಕೂ ಇಷ್ಟೊಂದು ಅಳ್ತಾರೇನೇ?" ಎನ್ನುತ್ತ ಅವನು ಹುಗ್ಗಿಗೆ ಇನ್ನೊಂದು ಅಚ್ಚು ಬೆಲ್ಲ ಹಾಕಿಸಿದ.